ಮೂರು ಕೊಟೇಶನ್, ಒಂದು ಕಾಣದ ಕಾಲಂ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನ ಸ್ನೇಹಿತನೊಬ್ಬನ ಶೆಡ್ಡಿದೆ. ವಾಹನಗಳ ಬಿಡಿಭಾಗಗಳ ಜಾಬ್ ವರ್ಕ್, ಹನ್ನೊಂದು ಜನ, ಎರಡು ಶಿಫ್ಟು. ಕಳೆದ ಆಷಾಢದಲ್ಲಿ ಅವನು ಹೊಸದೊಂದು ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ, ಕೊಳ್ಳಲು ಹೊರಟ. ಆಷಾಢದಲ್ಲಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ, ಹಾಗಾಗಿ ಚೌಕಾಸಿಗೆ ಪೂರ್ತಿ ಒಂದು ತಿಂಗಳು ಸಿಗುತ್ತದೆ ಅನ್ನುವುದು ಅವನ ಲೆಕ್ಕ. ಮೂರು ಕಂಪನಿಗಳ ಕೊಟೇಶನ್ ತರಿಸಿ ಎಕ್ಸೆಲ್ ಹಾಳೆಯಲ್ಲಿ ಜೋಡಿಸಿದ್ದ. ಸ್ಪಿಂಡಲ್ ವೇಗ, ಟೇಬಲ್ ಅಳತೆ, ಟೂಲ್ ಚೇಂಜರ್, ಡೆಲಿವರಿ, ಎಎಂಸಿ, ಎಲ್ಲಕ್ಕೂ ಒಂದೊಂದು ಕಾಲಂ.

ನಾನು ಪ್ಯಾನೆಲ್ ವೈರಿಂಗ್ ಮತ್ತು ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರಿನ, ಕೆಲಸದವನು. ಹಾಳೆ ನೋಡಿ, ‘ಇದರಲ್ಲಿ ಸೈಬರ್ ಭದ್ರತೆಯ ಕಾಲಂ ಎಲ್ಲೋ?’ ಅಂದೆ. ಅವನು ನಕ್ಕುಬಿಟ್ಟ. ‘ಹ್ಯಾಕರ್ ನಮ್ ಶೆಡ್ಡಿಗೆ ಬಂದು ಏನ್ ಮಾಡ್ತಾನೋ? ಕೂಲೆಂಟ್ ಕುಡೀತಾನಾ?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಯಾರೂ ನಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ತೈವಾನಿನ ಟಿಎಸ್‌ಎಂಸಿ, ಅಂದರೆ ಬೇರೆ ಕಂಪನಿಗಳಿಗೆ ಚಿಪ್ ಮಾಡಿಕೊಡುವವರಲ್ಲಿ ಜಗತ್ತಿನ ಅತಿದೊಡ್ಡ ತಯಾರಕ, ತನ್ನ ಕಾರ್ಖಾನೆಗಳಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಹೊರಗಿನಿಂದ ಯಾರೂ ದಾಳಿ ಮಾಡಿರಲಿಲ್ಲ. ಹೊಸದಾಗಿ ತಂದ ಒಂದು ಯಂತ್ರವನ್ನು ವೈರಸ್ ತಪಾಸಣೆ ಮಾಡದೆ ನೆಟ್‌ವರ್ಕ್‌ಗೆ ಸೇರಿಸಿದ್ದರು. ಅದರೊಳಗಿದ್ದ ವಾನ್ನಾಕ್ರೈ ತಳಿಯ ವೈರಸ್ ಯಂತ್ರದಿಂದ ಯಂತ್ರಕ್ಕೆ ಹರಡಿತು. ಆ ವೈರಸ್ ನುಗ್ಗುವ ಕಿಂಡಿಯನ್ನು ಮುಚ್ಚಲು ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಹದಿನೇಳು ತಿಂಗಳು ಕಳೆದರೂ ಕಾರ್ಖಾನೆಯ ಯಂತ್ರಗಳಿಗೆ ಅದು ತಲುಪಿರಲಿಲ್ಲ. ಈ ಪೆಟ್ಟಿನ ನಂತರವೇ ಚಿಪ್ ಉದ್ಯಮ ಎಚ್ಚೆತ್ತು, ಯಂತ್ರ ತಯಾರಕರಿಗಾಗಿಯೇ ಸೆಮಿ ಇ187 ಎಂಬ ಮಾನದಂಡವನ್ನು 2022ರಲ್ಲಿ ಹೊರಡಿಸಿತು.

ಚಿಕ್ಕವರನ್ನು ಯಾರು ಕೇಳುತ್ತಾರೆ ಅನ್ನುವವರಿಗೆ ಇನ್ನೊಂದು ಉದಾಹರಣೆಯಿದೆ. 2022ರ ಮಾರ್ಚ್ 1ರಂದು ಟೊಯೋಟಾ ಜಪಾನಿನ ತನ್ನ 14 ಕಾರ್ಖಾನೆಗಳ 28 ಲೈನ್‌ಗಳನ್ನೂ ನಿಲ್ಲಿಸಿತು. ಕಾರಣ ಟೊಯೋಟಾದ ಮೇಲೆ ನಡೆದ ದಾಳಿಯಲ್ಲ. ಬಿಡಿಭಾಗ ಕೊಡುತ್ತಿದ್ದ ಕೊಜಿಮಾ ಎಂಬ ಸರಬರಾಜುದಾರನ ಕಂಪ್ಯೂಟರ್‌ಗಳು ಸೈಬರ್ ದಾಳಿಯಿಂದ ಕೆಟ್ಟಿದ್ದವು. ಅಂದಿನಿಂದ ದೊಡ್ಡ ಗಿರಾಕಿಗಳು ಸಣ್ಣ ಸರಬರಾಜುದಾರರಿಗೂ ಸೈಬರ್ ಭದ್ರತೆಯ ಉದ್ದುದ್ದದ ಪ್ರಶ್ನಾವಳಿ ಕಳಿಸತೊಡಗಿದ್ದಾರೆ. ನನ್ನ ಸ್ನೇಹಿತನಿಗೂ ಒಂದು ಬಂದಿತ್ತು. ಅವನು ಎಲ್ಲಕ್ಕೂ ‘ಹೌದು’ ಅಂತ ಟಿಕ್ ಹಾಕಿ ಕಳಿಸಿದ್ದ.

ಸರಿ, ಹೋಲಿಸುವುದು ಹೇಗೆ? ಅದಕ್ಕೆ ಮೊದಲು ಯಂತ್ರದ ಒಳಗೆ ಏನಿದೆ ನೋಡಬೇಕು. ನಮ್ಮ ಕಣ್ಣಿಗೆ ಬೀಳುವುದು ಎರಕದ ಬೆಡ್, ಸ್ಪಿಂಡಲ್, ಕೂಲೆಂಟ್ ಟ್ಯಾಂಕು. ಹಿಂದಿನ ಪ್ಯಾನೆಲ್ ಬಾಗಿಲು ತೆಗೆದರೆ ಅಲ್ಲೊಂದು ಬೇರೆಯೇ ಸಂಸಾರ. ಅಕ್ಷಗಳನ್ನು ಓಡಿಸುವ ಸಿಎನ್‌ಸಿ ಕಂಟ್ರೋಲರ್, ಪಂಪು ಮತ್ತು ಬಾಗಿಲ ಲಾಕು ನೋಡಿಕೊಳ್ಳುವ ಪಿಎಲ್‌ಸಿ, ಆಪರೇಟರ್ ಮುಟ್ಟುವ ಪರದೆ. ಆ ಪರದೆಯ ಹಿಂದೆ ಎಷ್ಟೋ ಸಲ ಮಾಮೂಲಿ ವಿಂಡೋಸ್. ಜೊತೆಗೆ ನೆಟ್‌ವರ್ಕ್ ಪೋರ್ಟು, ಯುಎಸ್‌ಬಿ ಕಿಂಡಿ. ಈಚಿನ ಯಂತ್ರಗಳಲ್ಲಿ ಸಿಮ್ ಹಾಕಿದ ಒಂದು ಪುಟ್ಟ ರೂಟರ್ ಕೂಡ ಇರುತ್ತದೆ. ಕಂಪನಿಯವರು ತಮ್ಮ ಊರಿನಲ್ಲೇ ಕೂತು ರಿಪೇರಿ ನೋಡಲಿ ಅಂತ.

ಈ ಭಾಗಗಳ ಆಯಸ್ಸು ಒಂದೇ ಅಲ್ಲ, ತೊಡಕಿರುವುದು ಅಲ್ಲೇ. ಎರಕದ ಬೆಡ್ ಇಪ್ಪತ್ತು ವರ್ಷ ಬಾಳುತ್ತದೆ, ಜೋಪಾನ ಮಾಡಿದರೆ ಇನ್ನೂ ಹೆಚ್ಚು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಮೇಟಗಳ್ಳಿಯಿಂದ ನಂಜನಗೂಡಿನವರೆಗೆ ಎಷ್ಟು ಪರದೆಗಳಲ್ಲಿ ಎಕ್ಸ್‌ಪಿಯ ಆ ಹಸಿರು ಗುಡ್ಡ ಇನ್ನೂ ಕಾಣುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಕಬ್ಬಿಣದ ಆಯಸ್ಸಿಗೂ ಸಾಫ್ಟ್‌ವೇರ್‌ನ ಆಯಸ್ಸಿಗೂ ನಡುವೆ ಇರುವ ಈ ಹತ್ತು ಹದಿನೈದು ವರ್ಷದ ಹೊಣೆ ಯಾರದು? ಒಬ್ಬ ತಯಾರಕನಿಗೂ ಇನ್ನೊಬ್ಬನಿಗೂ ನಿಜವಾದ ವ್ಯತ್ಯಾಸ ಕಾಣುವುದು ಈ ಪ್ರಶ್ನೆಯಲ್ಲಿ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಬೇಡ, ಕಂಪನಿಗಳಿಗೆ ಅಂಕ ಕೊಡುವ ಸಂಸ್ಥೆಗಳೇ ಇವೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇವೆ. ಬಿಟ್‌ಸೈಟ್ 250ರಿಂದ 900ರವರೆಗೆ ಅಂಕ ಕೊಡುತ್ತದೆ, ಸೆಕ್ಯುರಿಟಿಸ್ಕೋರ್‌ಕಾರ್ಡ್ ಶಾಲೆಯ ಪ್ರೋಗ್ರೆಸ್ ಕಾರ್ಡಿನ ಹಾಗೆ ಎ, ಬಿ, ಸಿ ಅಂತ ಗ್ರೇಡು ಕೊಡುತ್ತದೆ. ಇವು ನೋಡುವುದು ಇಂಟರ್ನೆಟ್ಟಿನಲ್ಲಿ ಹೊರಗಿನಿಂದ ಕಾಣುವುದನ್ನು: ವೆಬ್‌ಸೈಟಿನ ಸರ್ಟಿಫಿಕೇಟ್ ಅವಧಿ ಮೀರಿದೆಯೇ, ಕಂಪನಿಯ ಹೆಸರಿನಲ್ಲಿ ನಕಲಿ ಇಮೇಲ್ ಕಳಿಸಲು ಆಗುತ್ತದೆಯೇ, ತೆರೆದಿರಬಾರದ ಪೋರ್ಟು ತೆರೆದಿದೆಯೇ. ಜಗಲಿ ಸಾರಿಸಿ ರಂಗೋಲಿ ಹಾಕಿದೆಯೋ ಇಲ್ಲವೋ ಅಂತ ನೋಡಿ ಮನೆಯನ್ನು ಅಳೆದ ಹಾಗೆ. ಜಗಲಿಯೇ ಗಲೀಜಾಗಿದ್ದರೆ ಒಳಗೂ ಹಾಗೇ ಇರಬಹುದು ಅಂತ ಊಹಿಸುವುದು ತಪ್ಪೇನಲ್ಲ. ಆದರೆ ಆ ಕಂಪನಿ ನಮಗೆ ಮಾರುವ ಕಂಟ್ರೋಲರ್ ಒಳಗೆ ಪಾಸ್‌ವರ್ಡ್ ಹೇಗೆ ಕೂತಿದೆ ಅನ್ನುವುದು ಜಗಲಿಯಿಂದ ಕಾಣುವುದಿಲ್ಲ.

ಹಾಗಾಗಿ ಎರಡನ್ನು ಬೇರೆ ಬೇರೆ ತೂಗಬೇಕು: ತಯಾರಕನ ಸ್ವಂತ ಮನೆ, ಮತ್ತು ಅವನು ನಮ್ಮ ಮನೆಗೆ ಕಳಿಸುವ ಯಂತ್ರ.

ಮನೆಯ ವಿಚಾರವನ್ನು ಬೇಗ ಮುಗಿಸುತ್ತೇನೆ. ಪ್ಲಾಸ್ಟಿಕ್ ಮೋಲ್ಡಿಂಗ್ ಯಂತ್ರಗಳಿಗೆ ಹೆಸರಾದ ಜರ್ಮನಿಯ ಕ್ರೌಸ್‌ಮಾಫೈ ಮೇಲೆ 2018ರ ನವೆಂಬರ್‌ನಲ್ಲಿ ರಾನ್ಸಮ್‌ವೇರ್, ಅಂದರೆ ಕಂಪ್ಯೂಟರಿಗೆ ಬೀಗ ಹಾಕಿ ಹಣ ಕೇಳುವ ವೈರಸ್, ಬಿತ್ತು. ಪಿಲ್ಜ್ ಮೇಲೆ 2019ರ ಅಕ್ಟೋಬರ್‌ನಲ್ಲಿ. ಪ್ಯಾನೆಲ್ ತೆಗೆದಾಗ ಕಾಣುವ ಹಳದಿ ಸೇಫ್ಟಿ ರಿಲೇ ಇದೆಯಲ್ಲ, ಅದನ್ನು ಮಾಡುವವರೇ ಇವರು. ಸುರಕ್ಷತೆಯನ್ನೇ ಮಾರುವ ಕಂಪನಿ ವಾರಕ್ಕೂ ಹೆಚ್ಚು ಕಾಲ ಕಂಪ್ಯೂಟರ್ ಇಲ್ಲದೆ ಕೈಯಲ್ಲಿ ವ್ಯವಹಾರ ನಡೆಸಿತು. ತಯಾರಕ ಹೀಗೆ ಮಲಗಿದರೆ ನಮಗೆ ಬಿಡಿಭಾಗ ಬರುವುದಿಲ್ಲ, ಸರ್ವಿಸ್ ಬರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ದೂರದಿಂದ ನಮ್ಮ ಯಂತ್ರಕ್ಕೆ ಬರುವ ದಾರಿ ಅವರ ಕಂಪ್ಯೂಟರಿನಲ್ಲಿರುತ್ತದೆ. ಅವರ ಮನೆಗೆ ನುಗ್ಗಿದವನ ಕೈಗೆ ನಮ್ಮ ಮನೆಯ ಬೀಗದ ಕೈಯೂ ಸಿಕ್ಕಿರಬಹುದು.

ಇನ್ನು ಯಂತ್ರ. ಇಲ್ಲಿ ಬಹಳ ಜನ ಎಡವುವುದು ಲೆಕ್ಕದಲ್ಲಿ. ಸೀಮೆನ್ಸ್ ಪ್ರತಿ ತಿಂಗಳ ಎರಡನೇ ಮಂಗಳವಾರ ತನ್ನ ಪಿಎಲ್‌ಸಿ ಮುಂತಾದ ಉತ್ಪನ್ನಗಳ ಭದ್ರತಾ ಲೋಪಗಳ ಪಟ್ಟಿಯನ್ನು ತಾನೇ ಪ್ರಕಟಿಸುತ್ತದೆ. ಷ್ನೈಡರ್ ಕೂಡ ಹಾಗೇ ಮಾಡುತ್ತದೆ. ಪಟ್ಟಿ ಉದ್ದವಿರುತ್ತದೆ. ಪಕ್ಕದಲ್ಲಿ ಇನ್ನೊಬ್ಬ ತಯಾರಕನ ಹೆಸರಿನಲ್ಲಿ ಹುಡುಕಿದರೆ ಒಂದೂ ಲೋಪ ಸಿಗದಿರಬಹುದು. ನನ್ನ ಸ್ನೇಹಿತ ಥಟ್ಟನೆ ಅಂದ: ‘ನೋಡು, ಇವನದ್ದೇ ಕ್ಲೀನು.’ ನಮ್ಮ ಊರಿನಲ್ಲಿ ಎಂದೂ ಆಸ್ಪತ್ರೆಗೆ ಹೋಗದವರು ‘ನನಗೆ ಬಿಪಿ ಇಲ್ಲ, ಶುಗರ್ ಇಲ್ಲ’ ಅನ್ನುವುದಿಲ್ಲವೇ? ಅದೇ ಲೆಕ್ಕ. ಸೊನ್ನೆ ಅಂದರೆ ಯಾರೂ ನೋಡಿಲ್ಲ ಅಂತಲೂ ಆಗಬಹುದು, ನೋಡಿದವರು ಹೇಳಲು ಫೋನ್ ಮಾಡಿದಾಗ ಎತ್ತುವವರಿರಲಿಲ್ಲ ಅಂತಲೂ ಆಗಬಹುದು. ಲೋಪ ಇಲ್ಲದ ಸಾಫ್ಟ್‌ವೇರನ್ನು ನಾನಂತೂ ಈವರೆಗೆ ಕಂಡಿಲ್ಲ. ಪಟ್ಟಿ ಎಷ್ಟು ಉದ್ದ ಅನ್ನುವುದನ್ನು ಬಿಟ್ಟು, ಲೋಪ ಸಿಕ್ಕಿದ ಮೇಲೆ ತಯಾರಕ ಹೇಗೆ ನಡೆದುಕೊಂಡ ಅನ್ನುವುದನ್ನು ನೋಡಬೇಕು.

ನಾಲ್ಕು ಕಂಪನಿಗಳ ನಡವಳಿಕೆ ನೋಡೋಣ.

ಸೀಮೆನ್ಸ್‌ನ ಎಸ್7-1200, ಎಸ್7-1500 ಪಿಎಲ್‌ಸಿಗಳು ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಧಾರಾಳ. ಇವುಗಳ ಒಳಗೆ ಗುಟ್ಟಾದ ಒಂದು ಡಿಜಿಟಲ್ ಕೀಲಿ ಇತ್ತು. ಯಂತ್ರಕ್ಕೊಂದು ಬೇರೆ ಕೀಲಿ ಇರಲಿಲ್ಲ, ಇಡೀ ಮಾದರಿಗೆ ಒಂದೇ. ಬಡಾವಣೆಯ ಅಷ್ಟೂ ಮನೆಗೆ ಒಂದೇ ಬೀಗದ ಕೈ ಮಾಡಿಸಿದ ಹಾಗೆ. 2013ರ ಸುಮಾರಿಗೆ ಈ ವ್ಯವಸ್ಥೆ ಮಾಡಿದಾಗ, ಯಂತ್ರಕ್ಕೊಂದು ಕೀಲಿ ನಿಭಾಯಿಸುವುದು ಕಾರ್ಖಾನೆಗಳಿಗೆ ಆಗದ ಮಾತಾಗಿತ್ತು ಅನ್ನುವುದು ಕಂಪನಿಯ ವಿವರಣೆ. ಕ್ಲಾರೋಟಿ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಆ ಕೀಲಿಯನ್ನು ಹೊರತೆಗೆದರು. 2022ರ ಅಕ್ಟೋಬರ್‌ನಲ್ಲಿ ವಿಷಯ ಬಹಿರಂಗವಾಗುವ ಹೊತ್ತಿಗೆ, ಈ ಪಿಎಲ್‌ಸಿಗಳಿಗೆ ಪ್ರೋಗ್ರಾಂ ಬರೆಯುವ ಟಿಐಎ ಪೋರ್ಟಲ್‌ ಎಂಬ ಸಾಫ್ಟ್‌ವೇರ್‌ನ 17ನೇ ಆವೃತ್ತಿಯಲ್ಲಿ ಯಂತ್ರಕ್ಕೊಂದು ಕೀಲಿಯ ಹೊಸ ವ್ಯವಸ್ಥೆ ಬಂದಿತ್ತು. ತಪ್ಪು ದೊಡ್ಡದು. ಆದರೆ ಬಾಗಿಲು ಬದಲಿಸಿ ಇಟ್ಟಿದ್ದರು. ಅದನ್ನು ಹಾಕಿಸಿಕೊಳ್ಳುವ ತಲೆನೋವು ಮಾತ್ರ ನಮ್ಮದೇ.

ರಾಕ್‌ವೆಲ್‌ನ ಲಾಜಿಕ್ಸ್ ಕಂಟ್ರೋಲರ್‌ಗಳಲ್ಲೂ ಇಂಥದ್ದೇ ಒಂದು ಕೀಲಿಯ ಲೋಪ 2021ರ ಫೆಬ್ರವರಿಯಲ್ಲಿ ಹೊರಬಿತ್ತು. ಗಂಭೀರತೆ ಹತ್ತಕ್ಕೆ ಹತ್ತು. ಇದಕ್ಕೆ ನೇರ ಪ್ಯಾಚ್ ಬರಲಿಲ್ಲ. ಕಂಟ್ರೋಲರ್ ಮುಖದ ಮೇಲಿರುವ ಕೀಲಿ ಸ್ವಿಚ್ಚನ್ನು, ಹೊರಗಿನಿಂದ ಪ್ರೋಗ್ರಾಂ ಬದಲಿಸಲು ಬಿಡದ ‘ರನ್’ ಸ್ಥಾನಕ್ಕೆ ತಿರುಗಿಸಿ ಇಡಿ, ನೆಟ್‌ವರ್ಕನ್ನು ಬೇರೆ ಮಾಡಿ, ಯಂತ್ರಗಳ ನಡುವಿನ ಮಾತಿಗೆ ಕಾವಲಿಡುವ ಸಿಐಪಿ ಸೆಕ್ಯುರಿಟಿ ಹಾಕಿ ಅನ್ನುವುದು ಕಂಪನಿಯ ಸಲಹೆ. ಕೇಳಲು ಬಡವಾಗಿ ಕಂಡರೂ ಅದು ಒಳ್ಳೆಯ ಸಲಹೆಯೇ. ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರಲ್ಲಿ 2017ರಲ್ಲಿ ಸುರಕ್ಷತಾ ವ್ಯವಸ್ಥೆಯೊಳಗೇ ಟ್ರೈಟನ್ ಎಂಬ ದುಷ್ಟ ತಂತ್ರಾಂಶ ಸೇರಿಕೊಂಡಾಗ, ಅಲ್ಲಿನ ಕೀಲಿ ಸ್ವಿಚ್ಚು ‘ಪ್ರೋಗ್ರಾಂ’ ಸ್ಥಾನದಲ್ಲೇ ಇತ್ತು. ಆ ವ್ಯವಸ್ಥೆ ನಮ್ಮ ಪಟ್ಟಿಯ ಮೂರನೆಯ ಕಂಪನಿ ಷ್ನೈಡರ್‌ನ ಟ್ರೈಕೊನೆಕ್ಸ್. 2018ರ ಜನವರಿಯಲ್ಲಿ ಷ್ನೈಡರ್‌ನವರು ಭದ್ರತಾ ತಜ್ಞರ ಸಮ್ಮೇಳನದಲ್ಲಿ ಎದ್ದು ನಿಂತು, ನಮ್ಮ ಹಳೆಯ ಫರ್ಮ್‌ವೇರ್‌ನಲ್ಲಿ, ಅಂದರೆ ಯಂತ್ರದೊಳಗಿನ ಮೂಲ ತಂತ್ರಾಂಶದಲ್ಲಿ, ಲೋಪವಿತ್ತು ಅಂತ ಬಿಚ್ಚಿ ಹೇಳಿದರು. ಗಿರಾಕಿಯ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳಬಹುದಿತ್ತು. ನನ್ನ ಹಾಳೆಯಲ್ಲಿ ಈ ಒಂದು ನಡವಳಿಕೆಗೆ ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ಅಂಕ.

ನಾಲ್ಕನೆಯದು ಯುನಿಟ್ರಾನಿಕ್ಸ್. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಎಂಬ ಊರಿನ ನೀರು ಸರಬರಾಜಿನ ಪಂಪ್ ಕೇಂದ್ರದಲ್ಲಿ ಈ ಕಂಪನಿಯ ಪಿಎಲ್‌ಸಿಯನ್ನು ಹ್ಯಾಕರ್‌ಗಳು ಹಿಡಿದರು. ಅದು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿತ್ತು. ಕಂಪನಿ ಹಾಕಿ ಕಳಿಸುವ ಪಾಸ್‌ವರ್ಡ್ 1111. ಬದಲಿಸದವರದ್ದು ತಪ್ಪೋ, ಬದಲಿಸದೆಯೂ ಓಡಲು ಬಿಟ್ಟವರದ್ದು ತಪ್ಪೋ? ನನ್ನ ಪ್ರಕಾರ ಎರಡನೆಯದು. ಆಪರೇಟರ್‌ಗೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದೇ ಚಿಂತೆ, ಕೇಳದ ಹೊರತು ಅವನು ಪಾಸ್‌ವರ್ಡ್ ಮುಟ್ಟುವುದಿಲ್ಲ. ದಾಳಿಯ ನಂತರ, ಡಿಸೆಂಬರ್‌ನಲ್ಲಿ, ಪಾಸ್‌ವರ್ಡ್ ಬದಲಿಸಲೇಬೇಕು ಅನ್ನುವ ಹೊಸ ಸಾಫ್ಟ್‌ವೇರ್ ಬಂತು.

ಇವೆಲ್ಲ ಪಿಎಲ್‌ಸಿ ಕತೆ. ವಿಎಂಸಿಯ ಮೆದುಳಾದ ಸಿಎನ್‌ಸಿ ಕಂಟ್ರೋಲರ್‌ಗಳ ಬಗ್ಗೆಯೂ ಹೋಲಿಕೆ ನಡೆದಿದೆ. ಟ್ರೆಂಡ್ ಮೈಕ್ರೊ ಸಂಶೋಧಕರು 2022ರಲ್ಲಿ ಹಾಸ್, ಒಕುಮಾ, ಹೈಡನ್‌ಹೈನ್, ಫ್ಯಾನುಕ್ ಕಂಟ್ರೋಲರ್‌ಗಳನ್ನು ನೆಟ್‌ವರ್ಕ್ ಮೂಲಕ ಪರೀಕ್ಷಿಸಿದರು. ಪಾರ್ಟ್ ಪ್ರೋಗ್ರಾಂ ಕದಿಯುವುದು, ಯಂತ್ರ ನಿಲ್ಲಿಸುವುದು, ಟೂಲ್ ಅಳತೆ ತಿದ್ದುವುದು ಇಂಥವು ಸಾಧ್ಯವಾದವು. ಗುರುತು ಕೇಳುವ ಸೌಲಭ್ಯ ಇದ್ದ ಕಡೆಯೂ ಅದು ಮೊದಲಿನಿಂದ ಆನ್ ಆಗಿರಲಿಲ್ಲ. ಟೂಲ್ ಅಳತೆ ತಿದ್ದುವುದು ಎಂದಾಗ ನನ್ನ ಸ್ನೇಹಿತ ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತ. ಯಂತ್ರ ನಿಂತರೆ ಗೊತ್ತಾಗುತ್ತದೆ. ಟೂಲ್ ಅಳತೆ, ಅಂದರೆ ಆಫ್‌ಸೆಟ್, ಇಪ್ಪತ್ತು ಮೈಕ್ರಾನ್ ಜರುಗಿದರೆ ಗೊತ್ತಾಗುವುದು ಗಿರಾಕಿಯ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ, ಇಡೀ ಲಾಟ್ ವಾಪಸ್ ಬರುವಾಗ.

ಇಷ್ಟು ಸುಲಭವಾಗಿ ಏಕೆ ತೆರೆದುಕೊಳ್ಳುತ್ತವೆ? ಕಾರ್ಖಾನೆಯ ಯಂತ್ರಗಳು ಪರಸ್ಪರ ಮಾತಾಡುವ ಭಾಷೆಗಳು ಹಳೆಯ ಕಾಲದವು. ಇಂದಿಗೂ ಎಲ್ಲೆಲ್ಲೂ ಇರುವ ಮಾಡ್‌ಬಸ್ 1979ರದ್ದು. ಆಗ ಯಂತ್ರದ ತಂತಿ ಕಾಂಪೌಂಡ್ ದಾಟುತ್ತಿರಲಿಲ್ಲ. ಮಾತಾಡುವವನು ಯಾರು ಅಂತ ಕೇಳುವ ಪದವೇ ಆ ಭಾಷೆಯಲ್ಲಿ ಇಲ್ಲ. ‘ವಾಲ್ವ್ ತೆಗೆ’ ಅಂದರೆ ತೆಗೆಯುತ್ತದೆ.

ಪ್ರಮಾಣಪತ್ರದ ಬಗ್ಗೆ ಒಂದೆರಡು ಮಾತು. ಬ್ರೋಷರಿನಲ್ಲಿ ಐಎಸ್‌ಒ 27001 ಅಂತ ಮುದ್ರೆ ಕಂಡರೆ ಅದು ಕಂಪನಿಯ ಮಾಹಿತಿ ನಿರ್ವಹಣೆಗೆ, ಹೆಚ್ಚಾಗಿ ಕಚೇರಿಗೆ ಸಿಕ್ಕಿದ್ದು. ಯಂತ್ರಕ್ಕಲ್ಲ. ಕೈಗಾರಿಕಾ ಯಂತ್ರಕ್ಕೆ ಸಂಬಂಧಿಸಿದ್ದು ಐಇಸಿ 62443. ಅದರಲ್ಲೂ 4-1 ಅಂದರೆ ಉತ್ಪನ್ನವನ್ನು ರೂಪಿಸುವ ವಿಧಾನ ಸುರಕ್ಷಿತ ಅಂತ, 4-2 ಅಂದರೆ ಆ ಬಿಡಿ ಉತ್ಪನ್ನವೇ ಇಂತಿಷ್ಟು ಮಟ್ಟದ್ದು ಅಂತ. ಮಟ್ಟಗಳು ಒಂದರಿಂದ ನಾಲ್ಕು. ‘ನಮ್ಮದು 62443’ ಎಂದು ಮಾರಾಟದವನು ಹೇಳಿದರೆ ‘ಯಾವ ಭಾಗ, ಯಾವ ಮಾಡೆಲ್‌ಗೆ?’ ಅಂತ ಕೇಳಿ ನೋಡಿ. ಬಹಳ ಸಲ ಮಾತು ಟೂಲ್ ಚೇಂಜರ್ ಕಡೆ ತಿರುಗುತ್ತದೆ.

ಈಗ ಸ್ವಲ್ಪ ಮಂಡ್ಯದ ಕಡೆ ಹೋಗೋಣ, ಏಕೆಂದರೆ ಬಿಡಿ ಯಂತ್ರದ ಲೆಕ್ಕ ಅಲ್ಲಿ ಕೆಲಸ ಮಾಡುವುದಿಲ್ಲ. ಸಕ್ಕರೆ ಕಾರ್ಖಾನೆ ಅಂದರೆ ಒಬ್ಬ ತಯಾರಕನ ಸರಕಲ್ಲ. ಮಿಲ್ಲು ಒಬ್ಬರದು, ಬಾಯ್ಲರ್ ಇನ್ನೊಬ್ಬರದು, ಟರ್ಬೈನ್ ಮತ್ತೊಬ್ಬರದು. ಪಿಎಲ್‌ಸಿ ಯಾವುದೋ ವಿದೇಶಿ ಕಂಪನಿಯದು, ಅದನ್ನು ಪ್ಯಾನೆಲ್‌ನಲ್ಲಿ ಕೂರಿಸಿ ಪ್ರೋಗ್ರಾಂ ಬರೆದವನು ಪುಣೆಯವನೋ ಬೆಂಗಳೂರಿನವನೋ ಒಬ್ಬ ಇಂಟಿಗ್ರೇಟರ್. ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಕಬ್ಬು ಅರೆಯುವ ಹಂಗಾಮಿನ ನಡುವೆ ನನ್ನನ್ನು ಕರೆಸಿದ್ದರು. ಒಂದು ಇಂಟರ್‌ಲಾಕ್, ಅಂದರೆ ಇದು ನಿಂತರೆ ಅದೂ ನಿಲ್ಲಬೇಕು ಅನ್ನುವಂಥ ಕಟ್ಟು, ಬದಲಿಸಬೇಕಿತ್ತು. ಪ್ರೋಗ್ರಾಂಗೆ ಪಾಸ್‌ವರ್ಡ್ ಇತ್ತು, ಅದು ಗೊತ್ತಿದ್ದ ಇಂಟಿಗ್ರೇಟರ್ ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಬ್ಯಾಕಪ್ ಅಂತ ಕೊಟ್ಟ ಸಿ.ಡಿ.ಯಲ್ಲಿ ಹಳೆಯ ಆವೃತ್ತಿ. ಹೊರಗೆ ಕಬ್ಬಿನ ಟ್ರ್ಯಾಕ್ಟರು, ಲಾರಿ, ಎತ್ತಿನ ಗಾಡಿಗಳ ಸಾಲು ರಸ್ತೆಗೆ ಬಂದಿತ್ತು. ಕಡಿದ ಕಬ್ಬು ಕಾಯ್ದಷ್ಟೂ ಇಳುವರಿ ಇಳಿಯುತ್ತದೆ, ರೈತ ಶಾಪ ಹಾಕುತ್ತಾನೆ. ಕೊನೆಗೆ ಆ ಇಂಟರ್‌ಲಾಕನ್ನು ಹೊರಗಿನಿಂದ ರಿಲೇ ಕಟ್ಟಿ ಮಾಡಿದೆ. ಸುಂದರವಾಗಿರಲಿಲ್ಲ, ಆದರೆ ಗಾಡಿಗಳು ಮುಂದೆ ಹೋದವು.

ಹ್ಯಾಕರ್ ಬರಲೇ ಇಲ್ಲ, ಆದರೂ ಬೀಗ ನಮ್ಮ ಮೇಲೇ ಬಿತ್ತು. ಹಾಗಾಗಿ ತಯಾರಕರನ್ನು ಹೋಲಿಸುವ ಹಾಳೆಯಲ್ಲಿ ಇಂಟಿಗ್ರೇಟರ್‌ಗೂ ಒಂದು ಸಾಲು ಬೇಕು. 62443ರಲ್ಲಿ 2-4 ಅನ್ನುವ ಭಾಗ ಇಂಥ ಸೇವೆ ಕೊಡುವವರಿಗೆಂದೇ ಇದೆ. ಇನ್ನೊಂದು ವಿಷಯವೂ ಇಲ್ಲಿಂದಲೇ ಬರುತ್ತದೆ. ಹಂಗಾಮಿನಲ್ಲಿ ಮಿಲ್ಲು ನಿಲ್ಲಿಸಿ ಪ್ಯಾಚ್ ಹಾಕಲು ಯಾರೂ ಒಪ್ಪುವುದಿಲ್ಲ. ಹಾಕುವುದೇನಿದ್ದರೂ ಹಂಗಾಮು ಮುಗಿದು ಓವರ್‌ಹಾಲಿಂಗ್ ನಡೆಯುವ ತಿಂಗಳುಗಳಲ್ಲಿ. ಅಲ್ಲಿಯವರೆಗೆ ‘ಪ್ಯಾಚ್ ಇಲ್ಲದೆಯೂ ಹೀಗೆ ಮಾಡಿ ಕಾಪಾಡಿಕೊಳ್ಳಿ’ ಅಂತ ಸ್ಪಷ್ಟವಾಗಿ ಬರೆದುಕೊಡುವ ತಯಾರಕ, ‘ಕೂಡಲೇ ಅಪ್‌ಡೇಟ್ ಮಾಡಿ’ ಎಂದು ಒಂದೇ ಸಾಲು ಬರೆಯುವವನಿಗಿಂತ ಮೇಲು. ರಾಕ್‌ವೆಲ್‌ನ ಕೀಲಿ ಸ್ವಿಚ್ಚಿನ ಸಲಹೆಯನ್ನು ನಾನು ಹೀಗಳೆಯದಿರುವುದು ಇದಕ್ಕೇ.

ಇದೆಲ್ಲ ತಯಾರಕರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿತ್ತು. ಈಗ ಯುರೋಪಿನಲ್ಲಿ ಕಾನೂನಾಗಿದೆ. ಅಲ್ಲಿನ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂತು, ಪೂರ್ಣವಾಗಿ ಅನ್ವಯಿಸುವುದು 2027ರ ಡಿಸೆಂಬರ್ 11ರಿಂದ. ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಅಪ್‌ಡೇಟ್ ಕೊಡಬೇಕು. ದಾಳಿಕೋರರು ಬಳಸುತ್ತಿರುವ ಲೋಪ ಗೊತ್ತಾದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ಮೊದಲ ಸೂಚನೆ ಕೊಡಬೇಕು ಅನ್ನುವ ನಿಯಮ 2026ರ ಸೆಪ್ಟೆಂಬರ್ 11ರಿಂದ. ಹೆಬ್ಬಾಳಕ್ಕೂ ಇದಕ್ಕೂ ಏನು ಸಂಬಂಧ? ಅದೇ ಕಂಟ್ರೋಲರ್, ಅದೇ ಮಾಡೆಲ್ ಎರಡೂ ಕಡೆ ಮಾರಾಟವಾಗುತ್ತದೆ. ‘ಜರ್ಮನಿಯ ಗಿರಾಕಿಗೆ ಕೊಡುವ ಮಾತನ್ನು ನನಗೂ ಬರೆದುಕೊಡಿ’ ಅಂತ ಕೇಳಲು ನಮಗೆ ಕಾನೂನು ಬೇಕಿಲ್ಲ, ಬಾಯಿ ಇದ್ದರೆ ಸಾಕು. ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆಗಳನ್ನು, 180 ದಿನ ಇಟ್ಟಿರಬೇಕು. ಲಾಗ್ ಇಡಲು ಬರದ ಯಂತ್ರವನ್ನು ಕೊಂಡು ಆ ಮೇಲೆ ಯಾರ ಹತ್ತಿರ ಕೇಳುವುದು?

ಕೊನೆಗೆ ನಾವು ಆ ಮೂವರಿಗೂ ಒಂದೇ ಇಮೇಲ್ ಕಳಿಸಿದೆವು. ಲೋಪ ಸಿಕ್ಕರೆ ನಿಮ್ಮಲ್ಲಿ ಯಾರಿಗೆ ತಿಳಿಸಬೇಕು? ಕಳೆದ ಎರಡು ವರ್ಷದಲ್ಲಿ ಪ್ರಕಟಿಸಿದ ಲೋಪಗಳ ಪಟ್ಟಿ ಕೊಡಿ. ಪರದೆಯ ವಿಂಡೋಸ್ ಯಾವುದು, ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ? ಸಿಮ್ ರೂಟರ್ ಇದೆಯೇ, ಅದನ್ನು ಆರಿಸುವ ಸ್ವಿಚ್ಚು ನಮ್ಮ ಕೈಯಲ್ಲಿರುತ್ತದೆಯೇ? ಪ್ರೋಗ್ರಾಂ, ಪ್ಯಾರಾಮೀಟರ್ ಬ್ಯಾಕಪ್ ಮತ್ತು ಎಲ್ಲ ಪಾಸ್‌ವರ್ಡ್ ಕೊಡುತ್ತೀರಾ?

ಮೊದಲನೆಯವರಿಂದ ನಾಲ್ಕೇ ದಿನದಲ್ಲಿ ಉತ್ತರ ಬಂತು, ಕಂಟ್ರೋಲರ್ ಕಂಪನಿಯ ಪ್ರಕಟಣೆಗಳ ಕೊಂಡಿ ಸಮೇತ ಮೂರು ಪುಟ. ಎರಡನೆಯವರು ‘ನಮ್ಮ ಯಂತ್ರದಲ್ಲಿ ಇದುವರೆಗೆ ಅಂಥ ತೊಂದರೆ ಬಂದಿಲ್ಲ’ ಅಂತ ಒಂದು ಸಾಲು ಬರೆದರು. ಮೂರನೆಯವರ ಮಾರಾಟದ ಹುಡುಗ ಫೋನ್ ಮಾಡಿ, ‘ಸಾರ್, ಇದನ್ನ ಇದುವರೆಗೂ ಯಾರೂ ಕೇಳಿರಲಿಲ್ಲ, ಫ್ಯಾಕ್ಟರಿಗೆ ಕಳ್ಸಿದೀನಿ’ ಅಂದ. ಮೂರು ವಾರ ಬಿಟ್ಟು ಉತ್ತರ ಬಂತು. ಅಪೂರ್ಣ, ಆದರೆ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅಂತಲೇ ಬರೆದಿದ್ದರು. ನನಗೆ ಅದು ಹಿಡಿಸಿತು.

ಸ್ನೇಹಿತ ಕೊಂಡದ್ದು ಮೂರನೆಯದನ್ನೇ. ಅದಕ್ಕೆ ಮುಖ್ಯ ಕಾರಣ ಬೆಲೆ ಮತ್ತು ಡೆಲಿವರಿ, ಸುಳ್ಳು ಯಾಕೆ ಹೇಳಲಿ. ಆದರೆ ಪರ್ಚೇಸ್ ಆರ್ಡರಿನಲ್ಲಿ ಮೂರು ಸಾಲು ಹೆಚ್ಚಿಗೆ ಸೇರಿದವು. ಅಪ್‌ಡೇಟಿಗೆ ಅವನು ಹತ್ತು ವರ್ಷ ಕೇಳಿದ, ಅವರು ಐದು ಅಂದರು, ಏಳಕ್ಕೆ ಕುದುರಿತು. ಪಾಸ್‌ವರ್ಡ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿ ಕೊಟ್ಟರು. ರೂಟರ್‌ನ ವಿದ್ಯುತ್ತಿಗೆ ಪ್ಯಾನೆಲ್ ಬಾಗಿಲ ಮೇಲೆ ಬೇರೆಯೇ ಒಂದು ಕೀಲಿ ಸ್ವಿಚ್ಚು ಹಾಕಿಸಿದೆವು. ಸರ್ವಿಸ್‌ಗೆ ಫೋನ್ ಬಂದಾಗ ಸೂಪರ್‌ವೈಸರ್ ಅದನ್ನು ತಿರುಗಿಸುತ್ತಾನೆ, ಕೆಲಸ ಮುಗಿದ ಮೇಲೆ ಕೀಲಿ ತೆಗೆದು, ಆಯುಧಪೂಜೆಯ ಕುಂಕುಮ ಇನ್ನೂ ಅಂಟಿರುವ ಡ್ರಾಯರಿನಲ್ಲಿ ಹಾಕುತ್ತಾನೆ.